ದೊರೆಯ ಪಥ್ಯ

ನಾಯಿಗೆ ದೊರೆ ಎಂದು ಹೆಸರಿಟ್ಟವರು ಅತ್ತೆ. ಹೆಸರಿಗೆ ತಕ್ಕ ಹಾಗೆ ಅದು ಸೊಸೆಯ ಹೊಲಿಗೆ ಅಂಗಡಿಯಲ್ಲಿ ಚಿಂದಿಯ ರಾಶಿ ಮೇಲೆ ಮೈಚೆಲ್ಲಿ ಬಿದ್ದಿರುತ್ತಿತ್ತು. ಐದೇ ವರ್ಷದ ನಾಯಿ. ಹೊಟ್ಟೆ ಮಾತ್ರ ಪೀಪಾಯಿ. ಬಟ್ಟೆ ಕೊಡಲು ಬಂದವರು ನೋಡಿ ನಗುತ್ತಿದ್ದರು. ಸೊಸೆಯೂ ನಗುತ್ತಿದ್ದಳು. ಒಂದು ದಿನ ಅದು ಮಹಡಿಯ ಮನೆಗೆ ಹತ್ತುವಾಗ ನಡುಮೆಟ್ಟಿಲಲ್ಲೇ ಕೂತುಬಿಟ್ಟಿತು. ಏಳಲಾರದೆ ಅವಳ ಮುಖವನ್ನೇ ನೋಡಿತು. ಮರುದಿನವೇ ಅವಳು ಅದನ್ನು ನಾಯಿ ಡಾಕ್ಟರ ಬಳಿಗೆ ಕರೆದೊಯ್ದಳು.

ನಾಯಿ ಡಾಕ್ಟರು ತೂಕ ನೋಡಿದರು. ಇಪ್ಪತ್ತಾರು ಕಿಲೋ.

"ಹತ್ತೊಂಬತ್ತು ಇರಬೇಕಿತ್ತು. ಇಲ್ಲಿ ಕೈಯಿಡಿ, ಪಕ್ಕೆಲುಬು ಸಿಗುತ್ತಾ?"

ಹತ್ತಿ ತುಂಬಿದ ದಿಂಬು ಮುಟ್ಟಿದಂತಿತ್ತು. "ಇಲ್ಲ," ಎಂದಳು.

"ಮೆಲ್ಲಗೆ ಒತ್ತಿದ್ರೆ ಸಿಗಬೇಕು. ಉಪವಾಸ ಕೆಡವಬೇಡಿ. ಅಳತೆ ಮಾಡಿ ಎರಡು ಹೊತ್ತು ಹಾಕಿ, ನಡುವೆ ಏನೂ ಬೇಡ. ದಿನಾ ಹತ್ತು ನಿಮಿಷ ನಡೆಸಿ, ಆಮೇಲೆ ಹೆಚ್ಚಿಸಿ."

ಅಳತೆ ಅವಳ ಕಸುಬೇ. ಬಟ್ಟಲಿಗೆ ಗೆರೆ ಹಾಕಿ, ಗೆರೆ ಮೀರದಂತೆ ಹಾಕಿದಳು. ತಿಂಗಳಾದರೂ ತೂಕ ಜಗ್ಗಲಿಲ್ಲ. ಕದ್ದು ತಿನ್ನಿಸುತ್ತೀರಾ ಎಂದು ಗಂಡನನ್ನು ಗದರಿದಳು.

"ನನ್ನ ಪಾಲೇ ನನಗೆ ಸಾಲದು, ಅದಕ್ಕೆಲ್ಲಿಂದ ಕೊಡಲಿ?" ಎಂದ ಅವನು.

ಆ ವಾರವೇ ಅತ್ತೆ ತಮ್ಮ ರವಿಕೆಯೊಂದನ್ನು ತಂದರು. "ಜೋತು ಬೀಳ್ತಿದೆ, ಒಂಚೂರು ಬಿಗಿ ಮಾಡಿಕೊಡಮ್ಮ."

ಅದೇ ರವಿಕೆಯನ್ನು ಅವಳು ಮೂರು ತಿಂಗಳ ಹಿಂದೆ ಬಿಗಿ ಮಾಡಿದ್ದಳು. ಟೇಪು ಹಿಡಿದಳು. ಸುತ್ತಳತೆ ಮತ್ತೆ ಎರಡು ಇಂಚು ಇಳಿದಿತ್ತು. ಆ ಮಧ್ಯಾಹ್ನ ಅಂಗಡಿ ಬೇಗ ಮುಚ್ಚಿ ಮೇಲೆ ಹೋದಳು. ಅತ್ತೆ ಊಟದ ಮೇಜಿನಡಿ ಕೈ ಇಳಿಬಿಟ್ಟು, ತಟ್ಟೆಯಲ್ಲಿದ್ದುದನ್ನು ತುಂಡು ತುಂಡಾಗಿ ದೊರೆಗೆ ದಾಟಿಸುತ್ತಿದ್ದರು.

"ಅತ್ತೆ!"

"ಪಾಪ, ಬಾಯಿ ಬಿಟ್ಕೊಂಡು ಕೂತಿತ್ತು ಕಣೇ..."

"ಅದರ ಬಾಯಿ ಹಾಗಿರಲಿ. ನಿಮ್ಮ ಬಾಯಿಗೇನಾಗಿದೆ?"

ಅತ್ತೆ ಹಲ್ಲಿನ ಸೆಟ್ಟು ತೆಗೆದಿಟ್ಟರು. ಒಸಡು ಕೆಂಪಗೆ ಹುಣ್ಣಾಗಿತ್ತು. "ಮಾಡಿಸಿ ಆರು ತಿಂಗಳೂ ಆಗಿಲ್ಲ. ಮತ್ತೆ ಹಲ್ಲಿನ ಮಾತೆತ್ತೋಕೆ ಸಂಕೋಚ ಆಯ್ತು. ತಟ್ಟೆ ಖಾಲಿಯಿದ್ರೆ ನೀನು ಕೇಳಲ್ವಲ್ಲ."

ಸೊಸೆಗೆ ಸಿಟ್ಟು ಬಂತು. ಬಂದದ್ದು ತನ್ನ ಮೇಲೆಯೇ ತಿರುಗಿತು. ಮೊದಲ ಸಲ ರವಿಕೆ ಬಿಗಿ ಮಾಡಿದಾಗ, ಏಕೆ ಎಂದು ತಾನು ಒಂದು ಮಾತು ಕೇಳಿರಲಿಲ್ಲ.

ಮರುದಿನ ಹಲ್ಲಿನ ಡಾಕ್ಟರು ಸೆಟ್ಟನ್ನು ಉಜ್ಜಿ ಸರಿಮಾಡಿಕೊಟ್ಟರು. ಹುಣ್ಣು ಮಾಯುವವರೆಗೆ ಸೊಸೆ ಮೆತ್ತಗೆ ಬೇಯಿಸಿ ಹಾಕಿ, ಎದುರೇ ಕೂತು ಉಣ್ಣಿಸಿದಳು. ದೊರೆಯ ಬಟ್ಟಲನ್ನು ಅತ್ತೆಯ ಕೈಗೇ ಒಪ್ಪಿಸಿದಳು. ಕಳ್ಳನಿಗೇ ಕಾವಲು ಕೊಟ್ಟಂತಾಯಿತು ಎಂದು ಗಂಡ ನಕ್ಕ. ಆದರೆ ಅತ್ತೆಯಷ್ಟು ಕಟ್ಟುನಿಟ್ಟಿನ ಕಾವಲುಗಾರರು ಬೇರೆ ಸಿಗುತ್ತಿರಲಿಲ್ಲ. ಯಾರಾದರೂ ಬಿಸ್ಕತ್ತು ಚಾಚಿದರೆ, "ಕೈ ಹಿಂದಕ್ಕೆ! ಪಥ್ಯದಲ್ಲಿದೆ," ಎನ್ನುತ್ತಿದ್ದರು. ಸಂಜೆ ಅತ್ತೆ, ದೊರೆ ಇಬ್ಬರೂ ಬೀದಿಯ ತುದಿಯವರೆಗೆ ಹೋಗಿಬರುತ್ತಿದ್ದರು. ಮೊದಲು ದಣಿದವರು ಕೂರುತ್ತಿದ್ದರು, ಇನ್ನೊಬ್ಬರು ಕಾಯುತ್ತಿದ್ದರು.

ಆರು ತಿಂಗಳಿಗೆ ದೊರೆ ಇಪ್ಪತ್ತೊಂದಕ್ಕೆ ಇಳಿಯಿತು.

"ಇನ್ನೆರಡು ಕಿಲೋ," ಎಂದರು ನಾಯಿ ಡಾಕ್ಟರು.

ಅತ್ತೆ ಚಪ್ಪಲಿ ಕಳಚಿ ತಾವೇ ತಕ್ಕಡಿ ಹತ್ತಿದರು. "ನಂದೂ ನೋಡಿಬಿಡಿ ಡಾಕ್ಟ್ರೇ."

ಡಾಕ್ಟರು ನಗುತ್ತಲೇ ಮುಳ್ಳು ಓದಿ ಹೇಳಿದರು. ಸೊಸೆ ಲೆಕ್ಕ ಹಾಕಿದಳು: ಹಲ್ಲು ಸರಿಮಾಡಿಸಿದ ದಿನ ತೂಗಿದ್ದಕ್ಕಿಂತ ಮೂರು ಕಿಲೋ ಏರಿತ್ತು.