ಬೀಗತಿ ಕೈಯಿಟ್ಟ ಗೋಡೆ

ಹಾಲವ್ವ ಸುಳ್ಳು ಹೇಳುವ ಹೆಂಗಸಲ್ಲ. ಹದಿನಾಲ್ಕು ವರ್ಷ ಮುಂಬಯಿಯ ಬಿಲ್ಡಿಂಗುಗಳಿಗೆ ತಲೆಯ ಮೇಲೆ ಗಾರೆ ಹೊತ್ತವಳು, ಕೂಲಿ ಕೊಡುವ ಮುಕಾದಮನ ಮುಂದೆಯೂ ಇದ್ದದ್ದನ್ನು ಇದ್ದ ಹಾಗೇ ಆಡಿದವಳು. ಅಂಥವಳು 1971ರ ಜೂನ್ ತಿಂಗಳ ಒಂದು ಭಾನುವಾರ, ಮುಲುಂಡಿನ ಸೊಸೈಟಿ ಬಿಲ್ಡಿಂಗೊಂದರ ಎರಡನೇ ಮಾಳಿಗೆಯಲ್ಲಿ, ಕುರ್ಚಿಯ ತುದಿಯ ಮೇಲೆ ಕೂತು, ಕಪ್ಪು ಬಸಿ ಎರಡನ್ನೂ ಗಟ್ಟಿಯಾಗಿ ಹಿಡಿದುಕೊಂಡು, ಒಂದು ಸುಳ್ಳು ಹೇಳಿಬಿಟ್ಟಳು.

ಹೋದದ್ದು ಮಗ ಭೀಮರಾಯನಿಗೆ ಹೆಣ್ಣು ನೋಡಲು. ಹುಡುಗ ವಿಕ್ರೋಳಿಯ ಕಾರ್ಖಾನೆಯಲ್ಲಿ ಲೇಥ್ ಮಷಿನ್ ನಡೆಸುತ್ತಿದ್ದ. ಹುಡುಗಿ ವಿನೋದಿನಿ ಮೆಟ್ರಿಕ್ ಪಾಸು. ಎರಡೂ ಮನೆಯವರ ಮೂಲ ಸಿಂದಗಿ ಕಡೆಯದೇ. ಆದರೆ ಹುಡುಗಿಯ ಅಪ್ಪ ನೀಲಕಂಠಪ್ಪ ಸರಕಾರಿ ಕಚೇರಿಯಲ್ಲಿ ಗುಮಾಸ್ತ, ಹುಡುಗನ ಅಪ್ಪ ಗುರಲಿಂಗಪ್ಪ ಗೋಡೆ ಕಟ್ಟುವ ಗೌಂಡಿ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ತಲೆ ತಗ್ಗಿಸಿ ನಕ್ಕಾಗಲೇ ಅರ್ಧ ಮದುವೆ ಆಗಿಹೋಗಿತ್ತು. ಉಳಿದರ್ಧ ಹುಡುಗಿಯ ತಾಯಿ ಸುಂದ್ರವ್ವನ ಕೈಯಲ್ಲಿತ್ತು.

ಸುಂದ್ರವ್ವ ಕೆಟ್ಟವಳೇನಲ್ಲ. ಮಗಳನ್ನು ಕೊಡುವ ತಾಯಿ ಕೇಳುವುದನ್ನೇ ಕೇಳಿದಳು.

"ನಮ್ಮ ವಿನೋದಿನಿ ಸಣ್ಣಾಕಿದ್ದಾಗಿಂದ ಬ್ಯಾರೆ ಖೋಲ್ಯಾಗ ಮಲಗಿ ಬೆಳದಾಳ್ರಿ. ನಿಮ್ಮಲ್ಲಿ ಬೆಡ್‌ರೂಮ್ ಐತೇನ್ರಿ?"

"ಐತ್ರಿ," ಅಂದಳು ಹಾಲವ್ವ.

ಪಕ್ಕದಲ್ಲಿ ಕೂತಿದ್ದ ಗುರಲಿಂಗಪ್ಪನ ಗಂಟಲಲ್ಲಿ ಚಹ ಸಿಕ್ಕಿಕೊಂಡಿತು. ಅವನು ಕೆಮ್ಮಿ ಮುಗಿಸುವಷ್ಟರಲ್ಲಿ ಸುಂದ್ರವ್ವ ಮಾತು ಮುಂದುವರಿಸಿಯಾಗಿತ್ತು. "ಚೊಲೋ ಆತು. ಗಣಪತಿ ಹಬ್ಬ ಮುಗೀಲಿ. ಒಮ್ಮೆ ಬಂದು ಮನಿ ನೋಡತೀವಿ. ಮನಸಿಗೆ ಬಂದ್ರ ಅಲ್ಲೇ ಮಾತು ಗಟ್ಟಿ ಮಾಡಿಬಿಡೂಣು."

ಮನಸ್ಸಿಗೆ ಬರದಿದ್ದರೆ ಏನೆಂದು ಆಕೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಹಾಲವ್ವನ ಮನೆಯಿದ್ದದ್ದು ಆಂಟಾಪ್ ಹಿಲ್ಲಿನ ಚಾಳಿನಲ್ಲಿ. ಒಂದೇ ಖೋಲಿ. ಮುಂದೆ ಬಾಗಿಲು, ಹಿಂದೆ ಒಲೆ, ನಡುವೆ ಮೂವರ ಹಾಸಿಗೆ. ಬೆಡ್‌ರೂಮು ಹೋಗಲಿ, ಸೀರೆ ಉಡಬೇಕೆಂದರೂ ಗಂಡಸರನ್ನು ಹೊರಗೆ ಕಳಿಸಬೇಕು. ವಾಪಸು ಬರುವಾಗ ಲೋಕಲ್ಲಿನಲ್ಲಿ ಗುರಲಿಂಗಪ್ಪ ಕುರ್ಲಾ ಸ್ಟೇಷನ್ ದಾಟಿದ ಮೇಲೆ ಕೇಳಿದ.

"ಎಲ್ಲೈತಿ ಬೆಡ್‌ರೂಮ್?"

"ಕಟ್ರಿ. ಊರ ಮಂದಿಗೆಲ್ಲ ಕಟ್ಟಿ ಕೊಟ್ಟೀರಿ, ಮಗನಿಗೊಂದು ಕಟ್ಟಾಕ ಆಗೂದಿಲ್ಲೇನು?"

ಅವನು ಕಟ್ಟಿದ. ಕೆಲಸದ ಜಾಗದಲ್ಲಿ ಬಿದ್ದಿದ್ದ ತುಂಡು ಇಟ್ಟಿಗೆಗಳನ್ನು ಮುಕಾದಮನನ್ನು ಕೇಳಿ ತಂದ. ಖೋಲಿಯ ಒಂದು ಮೂಲೆಯಲ್ಲಿ ಎರಡು ಹೊಸ ಗೋಡೆ ಎಬ್ಬಿಸಿದ. ಒಂದು ಮಂಚ ಹಿಡಿಯುವಷ್ಟು, ಮಂಚದ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗವಾಯಿತು. ಒರಟು ಗಿಲಾವು ಮಾಡಿ ಕೈ ತೊಳೆದುಕೊಂಡ. "ಗೌಂಡಿ ಕೆಲಸ ಮುಗೀತು. ಸುಣ್ಣಾ ಹಚ್ಚೂದು ಹೆಣಮಕ್ಕಳ ಕೆಲಸ," ಅಂದ. ಮರುವಾರವೇ ಕಂತ್ರಾಟದಾರ ಅವನನ್ನು ಕಲ್ಯಾಣದ ಕೆಲಸಕ್ಕೆ ಕಳಿಸಿದ. ಅಲ್ಲೇ ಉಳಿಯಬೇಕು, ಬರುವುದು ಸೆಪ್ಟೆಂಬರಿನಲ್ಲೇ.

ಸುಣ್ಣ ಹಚ್ಚುವುದನ್ನು ಹಾಲವ್ವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ತವರಿನಲ್ಲಿ ಪ್ರತಿ ಯುಗಾದಿಗೆ ಮನೆ ಬಳಿದವಳು. ಹಚ್ಚಿದ ಸುಣ್ಣ ಬೆನ್ನಿಗೆ ಮೈಗೆ ಹತ್ತಬಾರದೆಂದರೆ ಅದಕ್ಕೆ ಜೋಳದ ಗಂಜಿ ಬೆರೆಸಬೇಕು, ಇದು ಅವಳ ಅವ್ವ ಕಲಿಸಿದ ಪಾಠ. ಬೆರೆಸಿದಳು. ಕೈ ಬಿಚ್ಚಿಯೇ ಬೆರೆಸಿದಳು. ಗೋಡೆ ಬೆಳ್ಳಗೆ ಬೆಳಗಿತು. ಚಾಳಿನ ಹೆಂಗಸರು ಬಂದು ನೋಡಿ ಹೋದರು, ಹಾಲವ್ವ ನಾಲ್ಕು ದಿನ ನೆಲದ ಮೇಲೆ ನಡೆಯಲಿಲ್ಲ.

ಸಿಂದಗಿಯ ಬಿಸಿಲೆಲ್ಲಿ, ಮುಂಬಯಿಯ ಶ್ರಾವಣವೆಲ್ಲಿ. ಮೂರು ವಾರ ಮಳೆ ಜಡಿಯಿತು. ಗೋಡೆಯೊಳಗಿನ ಗಂಜಿ ಹಳಸಿತು. ಮೊದಲು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ, ಆಮೇಲೆ ರೊಟ್ಟಿಯಗಲ ಬೂಸಲು. ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ನಾಲ್ಕೂ ಗೋಡೆ ಸಿಡುಬು ಬಂದವರ ಮುಖದಂತಾಗಿದ್ದವು. ವಾಸನೆ ಬೇರೆ. ಹಬ್ಬ ಮುಗಿದ ಶುಕ್ರವಾರ ನೀಲಕಂಠಪ್ಪನ ಕಾರ್ಡು ಬಂತು. ಬರುವ ಭಾನುವಾರವಲ್ಲ, ಅದರ ಮುಂದಿನ ಭಾನುವಾರ ಬೆಳಿಗ್ಗೆ ಬರುತ್ತೇವೆ ಎಂದು ಬರೆದಿದ್ದ.

ಭೀಮರಾಯ ಕಾರ್ಡು ಓದಿ ಹೇಳಿ, ಗೋಡೆ ನೋಡಿ, ತಲೆ ಕೆರೆದುಕೊಂಡ.

"ಅವ್ವಾ, ಟೆನ್ಷನ್ ಬ್ಯಾಡ. ದುಕಾನ್‌ದಾಗ ಹಳೇ ಕ್ಯಾಲೆಂಡರ್ ಫುಕಟ್ ಕೊಡತಾರ. ಲಕ್ಷ್ಮಿ, ಸರಸ್ವತಿ, ಕಾಶ್ಮೀರದ ಸೀನರಿ, ಲೈನಾಗಿ ಹಚ್ಚಿಬಿಡೂಣು. ಸಬ್ ಢಕ್ ಜಾಯೇಗಾ, ಎಲ್ಲಾ ಮುಚ್ಚಿಹೋಗತೈತಿ."

"ವಾಸನಿಗೂ ಕ್ಯಾಲೆಂಡರ್ ಹಚ್ಚತೀಯೇನೋ?" ಅಂದಳು ಹಾಲವ್ವ. "ಒಂದ್ ಸುಳ್ಳು ಹೇಳೀನಿ. ಅದರ ಮ್ಯಾಲ ಇನ್ನೊಂದು ಹಚ್ಚಾಕ ನನ್ನ ಕಡಿಂದ ಆಗೂದಿಲ್ಲ."

ಹೇಳಿದಳೇನೋ ನಿಜ, ಮಗನ ಮುಖ ಮಾತ್ರ ನೋಡಲಾಗಲಿಲ್ಲ. ಆ ಹುಡುಗಿಯ ಹೆಸರೆತ್ತಿದರೆ ಸಾಕು ಅವನ ಕಿವಿ ಕೆಂಪಾಗುತ್ತಿದ್ದವು. ಈ ಸಂಬಂಧ ಮುರಿದರೆ ಅದು ತನ್ನ ನಾಲಿಗೆಯಿಂದ, ತನ್ನ ಗಂಜಿಯಿಂದ.

ಅದೇ ಚಾಳಿನ ಬಂಡೆಪ್ಪನೂ ಗೌಂಡಿ. ಅವನ ಬಾಗಿಲಿಗೆ ಹೋಗಿ ಕೇಳಿದಳು. ಅವನು ಬಂದು ನೋಡಿ ಮೂಗು ಮುಚ್ಚಿಕೊಂಡ.

"ಸುಣ್ಣಕ್ಕ ಸುಣ್ಣಾ ಬಳದ್ರ ಮತ್ತ ಬೂಸಲಾ ಬರತೈತಿ, ಅಕ್ಕಾ. ಎಲ್ಲಾ ಕೆರದು ತಗದು, ನುಣ್ಣನ ಗಾರಿ ಹಾಕಿ ಥಾಪಿಲೆ ತಿಕ್ಕಬೇಕು. ನನಗ ಈ ಎರಡು ವಾರ ಪುರಸೊತ್ತಿಲ್ಲ. ಗುರಲಿಂಗಪ್ಪಣ್ಣಗ ಹೇಳಿ ಕಳಸು."

ಅಣ್ಣ ಬರುವುದು ಆ ಭಾನುವಾರ ಬೆಳಿಗ್ಗೆಯೇ ಎಂದು ಹಾಲವ್ವ ಅವನಿಗೆ ಹೇಳಲಿಲ್ಲ.

ಥಾಪಿಯೆಂದರೆ ಗೌಂಡಿ ಗಾರೆ ಸವರುವ ಕಬ್ಬಿಣದ ಹಲಗೆ. ಗುರಲಿಂಗಪ್ಪನ ಹಳೆಯದೊಂದು ಮಾಡದಲ್ಲಿತ್ತು, ಸವೆದು ಸವೆದು ವೀಳ್ಯದೆಲೆಯಷ್ಟು ತೆಳ್ಳಗಾದದ್ದು. ಖಂಡೇನವಮಿಗೆ ಅದಕ್ಕೆ ಪೂಜೆ. ಮನೆಯ ಹೆಂಗಸರು ಅದನ್ನು ದಾಟುವಂತಿಲ್ಲ, ಹಿಡಿಯುವಂತಂತೂ ಇಲ್ಲವೇ ಇಲ್ಲ. ಹೆಣ್ಣು ಥಾಪಿ ಹಿಡಿದ ಗೋಡೆ ಸೀಳುತ್ತದೆ ಎಂದು ಗೌಂಡಿಗಳು ನಂಬಿದ್ದರು. ಗಾರೆ ಕಲಸುವುದು ಹೆಣ್ಣು, ಹೊರುವುದು ಹೆಣ್ಣು, ಏಣಿಯ ಮೇಲೆ ನಿಂತು ಎತ್ತಿ ಕೊಡುವುದು ಹೆಣ್ಣು. ಅಲ್ಲಿಯವರೆಗೆ ಯಾವ ಗೋಡೆಯೂ ಸೀಳುವುದಿಲ್ಲ. ಈ ಗೋಡೆಗಳ ಬುದ್ಧಿಯೇ ಬುದ್ಧಿ.

ಹಾಲವ್ವ ಥಾಪಿಗೆ ಕೈ ಮುಗಿದಳು, ಆಮೇಲೆ ಎತ್ತಿಕೊಂಡಳು.

ಗಾರೆಯ ಚಿಂತೆ ಇರಲಿಲ್ಲ. ಅವಳು ಕೆಲಸ ಮಾಡುತ್ತಿದ್ದ ಮಾಟುಂಗಾದ ಬಿಲ್ಡಿಂಗಿನಲ್ಲಿ ಸುಣ್ಣವನ್ನು ತಿಂಗಳುಗಟ್ಟಲೆ ನೀರಲ್ಲಿ ಕೊಳೆಹಾಕಿ, ಬಟ್ಟೆಯಲ್ಲಿ ಸೋಸಿ, ಬೆಣ್ಣೆಯಂಥ ಗಾರೆ ಮಾಡುತ್ತಿದ್ದರು. ಸಾಹೇಬರ ಮಲಗುವ ಕೋಣೆಗಳಿಗೆ ಅದೇ. ಸಂಜೆ ಹೊಂಡದ ತಳದಲ್ಲಿ ಉಳಿದದ್ದನ್ನು ತೊಳೆದು ಚೆಲ್ಲುವ ರೂಢಿ. ಹಾಲವ್ವ ಮುಕಾದಮನ ಎದುರು ನಿಂತು, ಚೆಲ್ಲುವುದನ್ನು ನನಗೆ ಕೊಡಿ ಎಂದು ಕೇಳಿದಳು. ಅವನು ಮರಾಠಿಯಲ್ಲಿ "ಘೇಊನ್ ಜಾ", ತಗೊಂಡು ಹೋಗು ಎಂದು ಕೈಯಾಡಿಸಿದ. ಅಂದಿನಿಂದ ಅವಳು ದಿನವೂ ಸಂಜೆ ಎಣ್ಣೆಯ ಹಳೆ ಡಬ್ಬಿಯಲ್ಲಿ ಆ ಗಾರೆಯನ್ನು ತುಂಬಿ, ತಲೆಯ ಮೇಲಿಟ್ಟುಕೊಂಡು ನಡೆದೇ ಮನೆಗೆ ಬಂದಳು. ಇಷ್ಟು ವರ್ಷದಲ್ಲಿ ಅವಳು ತನಗಾಗಿ ಹೊತ್ತ ಮೊದಲ ಗಾರೆ ಅದು. ಅದು ಭಾರವೆನಿಸಲೇ ಇಲ್ಲ.

ಬೂಸಲು ಹಿಡಿದ ಸುಣ್ಣವನ್ನು ಗಿಲಾವಿನವರೆಗೂ ಕೆರೆದಳು. ಗೋಡೆಗೆ ನೀರು ಕುಡಿಸಿದಳು. ಬುಧವಾರದಿಂದ ಮೂರು ದಿನ ಕೆಲಸಕ್ಕೆ ಖಾಡಾ ಮಾಡಿ ಮನೆಯಲ್ಲೇ ಉಳಿದಳು. ಮೊದಲ ಸಲ ಹಾಕಿದ ಗಾರೆ ಗೋಡೆಗೆ ಅಂಟದೆ ಅವಳ ಕಾಲ ಮೇಲೇ ಬಿತ್ತು. ಎರಡನೆಯ ಸಲ ಅಂಟಿತು, ಆದರೆ ಥಾಪಿ ಎಳೆದಲ್ಲೆಲ್ಲ ಉತ್ತ ಹೊಲದಂತೆ ಸಾಲು. ಸಿಟ್ಟಿಗೆ ಅಳು ಬಂತು. ಒಂದಿಷ್ಟು ಅತ್ತೇ ಬಿಟ್ಟಳು. ಆಮೇಲೆ ಕಣ್ಣು ಒರೆಸಿಕೊಂಡು, ನೆಲದ ಮೇಲೆ ಕೂತು, ಗಂಡನ ಮಣಿಕಟ್ಟನ್ನು ನೆನಪಿಸಿಕೊಂಡಳು.

ಹದಿನಾಲ್ಕು ವರ್ಷ ಕೆಳಗೆ ನಿಂತು, ಕೊಟ್ಟ ಬುಟ್ಟಿ ಖಾಲಿಯಾಗುವುದನ್ನು ಕಾಯುತ್ತ, ಅವಳು ನೋಡಿದ್ದು ಇನ್ನೇನನ್ನು? ಅವನು ಥಾಪಿಯನ್ನು ಪೂರ್ತಿ ಅಂಗಾತ ಒತ್ತುತ್ತಿರಲಿಲ್ಲ. ಮುಂದಿನ ಅಂಚನ್ನು ಕೂದಲೆಳೆಯಷ್ಟು ಎತ್ತಿ, ಹಿಂದಿನ ಅಂಚಿನ ಮೇಲೆ ಭಾರ ಬಿಟ್ಟು, ಮಗುವಿನ ಬೆನ್ನು ಸವರಿದಂತೆ ಒಂದೇ ಉಸಿರಿಗೆ ಮೇಲೆ ಒಯ್ಯುತ್ತಿದ್ದ. ಎದ್ದು ಹಾಗೆ ಮಾಡಿದಳು. ಗಾರೆ ಮಾತು ಕೇಳಿತು.

ಬುಧವಾರ ಒಂದು ಗೋಡೆ, ಗುರುವಾರ ಇನ್ನೊಂದು, ಶುಕ್ರವಾರ ಸಂಜೆಗೆ ಮೂರನೆಯದು. ಗಾರೆಗೆ ಬಟ್ಟೆಗೆ ಹಾಕುವ ನೀಲಿಯ ಒಂದು ಚಿಟಿಕೆ ಬೆರೆಸಿದ್ದರಿಂದ ಗೋಡೆಗೆ ಬೆಳಗಿನ ಆಕಾಶದ ತೆಳು ಬಣ್ಣ ಬಂತು. ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಮಲಗಿದವರ ಕಣ್ಣಿಗೆ ಬೀಳುವ ಎತ್ತರದಲ್ಲಿ, ಗಾರೆ ಹಸಿಯಿರುವಾಗಲೇ, ಬಾಚಣಿಗೆಯ ಹಲ್ಲು ಒತ್ತಿ ಸಾಲು ಚುಕ್ಕೆ ಮೂಡಿಸಿದಳು. ಚುಕ್ಕೆಗೆ ಚುಕ್ಕೆ ಕೂಡಿಸಿ ಆನೆ, ನವಿಲು, ತುಳಸಿಕಟ್ಟೆ. ತನ್ನ ಧಾರೆ ಸೀರೆಯ ಸೆರಗಿನಲ್ಲಿ ಅವ್ವ ಹಾಕಿಕೊಟ್ಟ ಕಸೂತಿಯೇ ಅದು. ಕಿರಾಣಿ ಅಂಗಡಿಯಲ್ಲಿ ಕಾಲು ರೂಪಾಯಿಗೆ ಸಿಕ್ಕ ಕೆಂಪು ಕಾವಿಯನ್ನು ಊದಿನಕಡ್ಡಿಯ ತುದಿಯಿಂದ ಒಂದೊಂದೇ ಚುಕ್ಕೆಗೆ ತುಂಬಿದಳು. ನಾಲ್ಕನೆಯದು, ಬಾಗಿಲಿನ ಪಕ್ಕದ ತುಂಡು ಗೋಡೆ, ಗಾರೆ ಸಾಲದೆ ಒರಟಾಗಿಯೇ ಉಳಿಯಿತು.

ಭೀಮರಾಯ ಕಾರ್ಖಾನೆಯಿಂದ ಬಂದು ಬಾಗಿಲಲ್ಲೇ ನಿಂತ. ಮೂರೂ ಗೋಡೆಯ ಮೇಲೆ ಕಣ್ಣಾಡಿಸಿದ. ಆಮೇಲೆ ಕೈಯಲ್ಲಿದ್ದ ಕ್ಯಾಲೆಂಡರಿನ ಸುರುಳಿಯನ್ನು ಮೆಲ್ಲಗೆ ಮಂಚದ ಕೆಳಗೆ ತಳ್ಳಿದ.

ಭಾನುವಾರ ಗುರಲಿಂಗಪ್ಪ ಕಲ್ಯಾಣದಿಂದ ಬಂದು ಗಂಟು ಇಳಿಸುವಷ್ಟರಲ್ಲಿ ಬೀಗರೂ ಬಂದರು. ಗಂಡನಿಗೆ ಏನನ್ನೂ ಹೇಳಲು ಹಾಲವ್ವನಿಗೆ ಸಮಯವಾಗಲಿಲ್ಲ. ನಿಜ ಹೇಳಬೇಕೆಂದರೆ ಧೈರ್ಯವೂ ಇರಲಿಲ್ಲ. ಅವನು ಹೊಸ ಗೋಡೆ ನೋಡಿದ, ಮೂಲೆಗಳನ್ನು ನೋಡಿದ, ಹುಬ್ಬು ಗಂಟಿಕ್ಕಿ "ಬಂಡೆಪ್ಪನ ಕೈ ಇಷ್ಟು ಸಾಫ್ ಇಲ್ಲಲಾ," ಎಂದು ತನ್ನಷ್ಟಕ್ಕೆ ಅಂದುಕೊಂಡ. ಹಾಲವ್ವ ಚಹಕ್ಕಿಟ್ಟಳು.

ಸುಂದ್ರವ್ವ ಬೆಡ್‌ರೂಮಿನೊಳಗೆ ಹೋದಳು. ಹೆಚ್ಚು ನಡೆಯಲು ಅಲ್ಲಿ ಜಾಗವಿರಲಿಲ್ಲ, ನಿಂತಲ್ಲೇ ತಿರುಗಿ ನೋಡಿದಳು. ನವಿಲಿನ ಹತ್ತಿರ ಬಗ್ಗಿದಳು. ಆಮೇಲೆ ಅನುಭವಿ ಹೆಂಗಸು ಮಾಡುವುದನ್ನೇ ಮಾಡಿದಳು. ಅಂಗೈಯನ್ನು ಗೋಡೆಗೆ ಒತ್ತಿ, ಜೋರಾಗಿ ಎಳೆದು, ಕೈ ತಿರುಗಿಸಿ ನೋಡಿದಳು. ಅಂಗೈಯಲ್ಲಿ ಸುಣ್ಣದ ಒಂದು ಕಣವೂ ಇರಲಿಲ್ಲ.

"ನಮ್ಮ ಸೊಸೈಟಿ ಗ್ವಾಡಿಗೂ ಈ ನುಣುಪಿಲ್ರಿ," ಅಂದಳು ಗುರಲಿಂಗಪ್ಪನ ಕಡೆ ತಿರುಗಿ. "ಬೀಗರ, ನಿಮ್ಮ ಕೈಯಾಗ ಭಾಳ ಚೊಲೋ ಕೆಲಸ ಐತಿ."

ಬೀಗರ ಎನ್ನುವ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಅದು ಕಿವಿಗೆ ಬಿದ್ದದ್ದೇ ಹಾಲವ್ವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಗಂಡ ಹೌದೆಂದುಬಿಡಲಿ, ತನಗೆ ಅಷ್ಟೇ ಸಾಕು ಎಂದುಕೊಂಡಳು. ಗುರಲಿಂಗಪ್ಪನ ಕಣ್ಣು ಅವಳು ಹಿಡಿದಿದ್ದ ಚಹದ ತಟ್ಟೆಯ ಮೇಲಿತ್ತು. ತಟ್ಟೆಯ ಮೇಲಲ್ಲ, ಬೆರಳುಗಳ ಮೇಲೆ. ಸುಣ್ಣ ತಿಂದು ತುದಿಗಳೆಲ್ಲ ಸೀಳಿದ್ದವು. ಬಲಗೈಯ ಬೆರಳ ಸಂದಿಯಲ್ಲಿ ಥಾಪಿಯ ಹಿಡಿ ಎಬ್ಬಿಸಿದ ಗುಳ್ಳೆ ಒಡೆದು ಕೆಂಪಾಗಿತ್ತು. ಅಂಥ ಗುಳ್ಳೆ ಎಲ್ಲಿ ಏಳುತ್ತದೆಂದು ಗೌಂಡಿಗೆ ಯಾರು ಹೇಳಿಕೊಡಬೇಕು?

"ನನ್ನ ಕೈ ಅಲ್ರಿ," ಅಂದ ಅವನು. "ನಾ ತಿಂಗಳಿಂದ ಕಲ್ಯಾಣದಾಗ ಇದ್ದೆ. ಈ ಗ್ವಾಡಿ ಗೌಂಡಿ ಅಕಿ."

ಸುಂದ್ರವ್ವ ಹಾಲವ್ವನನ್ನು ನೋಡಿದಳು. ಹಾಲವ್ವ ತಲೆ ತಗ್ಗಿಸಲಿಲ್ಲ.

"ಹೌದ್ರಿ, ನಾನ ಮಾಡೀನಿ. ಜೂನ್‌ದಾಗ ನೀವು ಕೇಳಿದಾಗ ಇಲ್ಲಿ ಬೆಡ್‌ರೂಮ್ ಇರಲಿಲ್ಲ. ಸುಳ್ಳು ಹೇಳಿದೆ. ಈಗ ಐತಿ."

ನೀಲಕಂಠಪ್ಪ ಕೆಮ್ಮಿದ. ಸುಂದ್ರವ್ವ ಮತ್ತೊಮ್ಮೆ ಗೋಡೆ ಮುಟ್ಟಿದಳು, ಈ ಸಲ ಮೆಲ್ಲಗೆ. ಆಮೇಲೆ ಮಂಚದ ಮೇಲೆ ಕೂತು ತನ್ನ ಪಕ್ಕದ ಜಾಗ ತಟ್ಟಿ, "ಕೂಡ್ರಿ ಬೀಗತೇರ," ಅಂದಳು. "ಇಂಥಾ ಅತ್ತಿ ಇದ್ದ ಮನಿಯೊಳಗ ನನ್ನ ಮಗಳಿಗೆ ಯಾವ ಕೊರತೀನೂ ಆಗೂದಿಲ್ಲ. ತುಳಸಿ ಲಗ್ನ ಆದಮ್ಯಾಲ ಚೊಲೋ ದಿನಾ ನೋಡ್ರಿ."

ಹಾಲವ್ವ ಕೂತಳು. ಅವಳ ಎದೆ ಉಬ್ಬಿ ರವಿಕೆ ಬಿಗಿಯಾಯಿತು, ಅದನ್ನು ಅವಳು ಮುಚ್ಚಿಡಲೂ ಇಲ್ಲ. ಚಹ ಕುಡಿಯುತ್ತ ಸುಂದ್ರವ್ವ ಬಾಗಿಲ ಪಕ್ಕದ ಒರಟು ಗೋಡೆಯ ಕಡೆ ಬೆರಳು ತೋರಿ, ಅದೊಂದೇಕೆ ಹಾಗೇ ಉಳಿಯಿತೆಂದು ಕೇಳಿದಳು.

"ಗಾರಿ ಸಾಲಲಿಲ್ರಿ. ಮುಂದಿನ ಐತವಾರ ಮುಗಸತೀನಿ," ಅಂದಳು ಹಾಲವ್ವ.

"ಅವತ್ತ ನಾನೂ ಮನ್ಯಾಗ ಇರತೀನಿ," ಅಂದ ಗುರಲಿಂಗಪ್ಪ. "ಬುಟ್ಟಿ ನಾ ಎತ್ತಿ ಕೊಡತೀನಿ."