ಪಂಜರ ಬೇಕಿದ್ದ ಸಿಂಹ

ನಾನು ಒಂದು ಸಿಂಹ. ಹೆದರಬೇಡಿ, ಬೆಂಕಿಪೊಟ್ಟಣದಷ್ಟು ಗಾಜಿನ ಮೇಲೆ ಬಣ್ಣದಲ್ಲಿ ಮೂಡಿದವನು. ನನ್ನ ಜೊತೆಗೇ ಇನ್ನೊಂದು ಗಾಜಿನ ಮೇಲೆ ಪಂಜರವನ್ನೂ ಬರೆದರು. ಬಣ್ಣ ಒಣಗಿದ ಮೇಲೆ ನಮ್ಮಿಬ್ಬರನ್ನೂ ಗದಗಿನ ಒಂದು ಕಣ್ಣಾಸ್ಪತ್ರೆಯ ಯಂತ್ರದಲ್ಲಿ ಕೂರಿಸಿದರು, ಬೇರೆ ಬೇರೆ ಕೊಳವೆಯಲ್ಲಿ.

ಮೆಳ್ಳೆಗಣ್ಣಿನ ಮಕ್ಕಳು ಒಂದು ಕಣ್ಣಿನಲ್ಲಿ ನನ್ನನ್ನು, ಇನ್ನೊಂದರಲ್ಲಿ ಪಂಜರವನ್ನು ನೋಡುತ್ತ, ಹಿಡಿ ತಿರುಗಿಸಿ ನನ್ನನ್ನು ಒಳಗೆ ತರಬೇಕು. ಎರಡು ಕಣ್ಣೂ ಕೂಡಿ ನೋಡಿದರೆ ಮಾತ್ರ ನಾನು ಪಂಜರ ಸೇರುತ್ತೇನೆ, ಅದೂ ಅವರ ನೋಟದಲ್ಲಷ್ಟೇ. ಉಳಿದ ಹೊತ್ತೆಲ್ಲ ಒಬ್ಬಂಟಿ. ಕಾಡಿನ ಸಿಂಹಗಳಿಗೆ ಪಂಜರವೆಂದರೆ ಭಯವಂತೆ. ನನಗೋ ಈ ಲೋಕದಲ್ಲಿ ನೆಂಟನೆಂದು ಇದ್ದದ್ದು ಅದೊಂದೇ.

ನೀಲಾಂಬಿಕಾ ಎಂಟು ವರ್ಷದ ಹುಡುಗಿ. ಅವಳ ಎಡಗಣ್ಣು ಮೂಗಿನ ಕಡೆ ವಾಲಿತ್ತು. "ಅದೃಷ್ಟದ ಕಣ್ಣೈತಿ, ಮುಟ್ಟಬ್ಯಾಡ್ರಿ" ಎಂದು ಅಜ್ಜಿ ಬಹಳ ದಿನ ತಡೆದಿದ್ದಳು. ಆಮೇಲೆ ಕನ್ನಡಕ ಕೊಟ್ಟರು, ಚೆನ್ನಾಗಿದ್ದ ಕಣ್ಣಿಗೆ ಪಟ್ಟಿ ಕಟ್ಟಿದರು, ಕೊನೆಗೆ ಆಪರೇಷನ್ ಮಾಡಿದರು. ಕಣ್ಣೇನೋ ನೆಟ್ಟಗಾಯಿತು. ಕೂಡಿ ನೋಡುವುದನ್ನು ಕಲಿಯಲು ನನ್ನ ಬಳಿ ಕಳಿಸಿದರು.

ಅವಳು ಪ್ರತಿಸಲವೂ ನನ್ನನ್ನು ಪಂಜರದ ಬಾಗಿಲವರೆಗೆ ತರುತ್ತಿದ್ದಳು. ಅಲ್ಲೇ ಕೈ ನಿಲ್ಲಿಸಿ, "ಹೊರಗ ಐತ್ರಿ" ಎನ್ನುತ್ತಿದ್ದಳು. ನನ್ನ ಜೀವ ಬಾಯಿಗೆ ಬಂದು ಹೋಗುತ್ತಿತ್ತು. ಕಣ್ಣುಗಳು ಇನ್ನೂ ಕೂಡಿಲ್ಲ, ಇನ್ನೊಮ್ಮೆ ಆಪರೇಷನ್ ಆಗಬೇಕಾಗುತ್ತದೆ ಎಂದರು ಡಾಕ್ಟರು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಣ್ಣಿನ ವ್ಯಾಯಾಮ ಮಾಡಿಸುವ ವತ್ಸಲಾಬಾಯಿಗೆ ಏನೋ ಅನುಮಾನ ಬಂತು.

"ಖರೇ ಹೇಳು ನೀಲಾ. ಬಾಗಿಲದಾಗ ಯಾಕ ನಿಲ್ಲಸ್ತಿ?"

ಹುಡುಗಿ ತಲೆ ತಗ್ಗಿಸಿದಳು. "ಒಳಗ ಹಾಕಿದ್ರ ಅದಕ್ಕ ತ್ರಾಸ ಆಕ್ಕೈತ್ರಿ ಅಕ್ಕಾರ. ಅಡವ್ಯಾಗ ಇರೂ ಪ್ರಾಣಿ ಅದು."

ನನಗಾಗಿ ಯಾರಾದರೂ ಅಷ್ಟು ಮರುಗಿದ್ದು ಅದೇ ಮೊದಲು. ಬೇಡವಾದ ಕಡೆ ಮರುಗಿದ್ದಳು, ಆದರೂ ನಾನು ಕರಗಿಹೋದೆ.

"ನಿನ್ನ ಕಣ್ಣ ಸಲುವಾಗಿ ಸ್ವಲ್ಪ ಹೊತ್ತು ಒಳಗ ಇರಲಿ. ಅದೇನೂ ಸಿಟ್ಟಾಗೂದಿಲ್ಲ," ಎಂದರು ವತ್ಸಲಾಬಾಯಿ.

ಹಿಡಿ ಮೆಲ್ಲಗೆ ತಿರುಗಿತು. ನಾನು ಒಳಗಿದ್ದೆ. ಆಪರೇಷನ್ ತಪ್ಪಿತು. ಮುಂದೆ ಕೆಲವು ವಾರ ಅವಳು ಬರುತ್ತಲೇ ಇದ್ದಳು. ನನ್ನ ಬಾಳಿನಲ್ಲಿ ಸುಖ ಎಂದು ಕಂಡದ್ದು ಆಗಲೇ.

ಕೊನೆಯ ದಿನ ಡಾಕ್ಟರು ಇನ್ನು ಬರುವುದು ಬೇಡವೆಂದರು. ನೀಲಾ ಏಳುವ ಮೊದಲು ಮತ್ತೆ ಕೊಳವೆಗೆ ಕಣ್ಣಿಟ್ಟಳು. ಹಿಡಿ ಹಿಂದಕ್ಕೆ ತಿರುಗಿಸಿ ನನ್ನನ್ನು ಹೊರಗೆ ತಂದಳು. "ಇನ್ನ ನೀ ಹೋಗಪಾ" ಎಂದು ಪಿಸುಗುಟ್ಟಿ ಎದ್ದುಹೋದಳು.

ಈಗ ಅಲ್ಲಿ ಆ ಯಂತ್ರದ ಬದಲು ಕಂಪ್ಯೂಟರ್ ಬಂದಿದೆ. ನಾನು ಒಂದು ಡ್ರಾಯರಿನ ಮೂಲೆಯಲ್ಲಿದ್ದೇನೆ, ಪಂಜರ ಎಲ್ಲಿದೆಯೋ ತಿಳಿಯದು. ನಾನು ಅಡವಿಯಲ್ಲಿ ಸುಖವಾಗಿದ್ದೇನೆ ಎಂದು ಆ ಹುಡುಗಿ ಇಂದಿಗೂ ನಂಬಿದ್ದರೆ, ಹಾಗೆಯೇ ನಂಬಿಕೊಂಡಿರಲಿ.