ಹದಿನೇಳನೆಯ ಬಿಲ್ಲೆ

ಕೈ ಅಲ್ಲ, ಮಣಿಕಟ್ಟು — ಹಡಗಿನ ಅಡುಗೆಮನೆಯ ದುಂಡು ಕಿಟಕಿಯಲ್ಲಿ ಒಬ್ದೂಲಿಯಾಗೆ ಕಂಡದ್ದು ಅಷ್ಟೇ, ಅಲೆಯ ಮೇಲೆ ಕುಣಿಯುವ ರಬ್ಬರ್ ದೋಣಿ, ಅದರಿಂದ ಹತ್ತುತ್ತಿರುವ ಹೊಸ ಗೈಡ್ ಯಾದಿರಾ, ಅವಳ ಮಣಿಕಟ್ಟು ಹಿಡಿದ ಎಲೋಯ್, ತನ್ನ ಗಂಡ, ದೋಣಿ ನಡೆಸುವವನು ಎಲ್ಲರನ್ನೂ ಹಾಗೇ ಹಿಡಿಯಬೇಕು, ಬೆರಳು ಜಾರುತ್ತದೆ, ಮಣಿಕಟ್ಟು ಜಾರುವುದಿಲ್ಲ, ಒಂಬತ್ತು ವರ್ಷದ ಹಿಂದೆ ತನಗೂ ಹಾಗೆಂದೇ ಹೇಳಿಕೊಟ್ಟಿದ್ದ, ಹಿಡಿದವನು ಬಿಡಲೇ ಇಲ್ಲ, ಸರಿ, ಆದರೆ ಹದಿನಾಲ್ಕು ಪ್ರವಾಸಿಗರನ್ನು ಹಿಡಿದದ್ದೆಷ್ಟು ಹೊತ್ತು, ಇವಳೊಬ್ಬಳನ್ನು ಹಿಡಿದದ್ದೆಷ್ಟು ಹೊತ್ತು — ಈಗ ಪೈಪು ಹಿಡಿದು ಅವಳ ಪಾದಕ್ಕೆ ನೀರು ಬಿಡುತ್ತಿದ್ದಾನೆ, ಒಂದು ದ್ವೀಪದ ಮರಳು ಇನ್ನೊಂದಕ್ಕೆ ಹೋಗಬಾರದು, ನಿಯಮ, ಬೆರಳ ಸಂದಿಯಲ್ಲೂ ನಿಯಮವೇ, ಆ ಮುದುಕ ಪ್ರವಾಸಿಯ ಕಾಲಿಗೆ ಒಂದು ಲೋಟ ನೀರೂ ಬಿದ್ದಿರಲಿಕ್ಕಿಲ್ಲ, ನಾದು, ಹಿಟ್ಟು ನಾದು, ನೀಲಿ ಕಾಲಿನ ಹಕ್ಕಿಗಳನ್ನು ನೋಡಿ ಬಂದವರಿಗೆಲ್ಲ ಹಸಿವು, ಹೂರಣ ತುಂಬಿ ಕರಿದ ಎಂಪನಾಡಾ ಬೇಕು, ನಿನ್ನೆ ಯಾದಿರಾ ಅಂದಳು, ಅಕ್ಕ, ನಿಮ್ಮ ಕೈರುಚಿ ಅಷ್ಟು ದೊಡ್ಡ ಊರು ಗ್ವಾಯಾಕಿಲ್‌ನಲ್ಲೂ ಸಿಗಲ್ಲ ಬಿಡಿ, ಅಕ್ಕನಂತೆ, ಎಷ್ಟು ದೊಡ್ಡವಳು ತಾನು, ಬರೀ ಆರು ವರ್ಷ, ಅದಕ್ಕೆ ಎಲೋಯ್ ನಕ್ಕ, ಯಾಕೆ ನಕ್ಕ.

ನಗಲಿ, ಬಿಲ್ಲೆ ಇದೆಯಲ್ಲ, ಏಣಿಯ ಪಕ್ಕದ ಹಲಗೆಯಲ್ಲಿ ಒಬ್ಬೊಬ್ಬರಿಗೂ ಒಂದು ನಂಬರಿನ ಬಿಲ್ಲೆ, ಇಳಿದು ಹೋಗುವಾಗ ಕೆಂಪು ಬದಿ, ಮರಳಿ ಬಂದರೆ ತಿರುಗಿಸಿ ಬಿಳಿ, ಎಲ್ಲವೂ ಬಿಳಿಯಾಗದೆ ಕ್ಯಾಪ್ಟನ್ ಲಂಗರು ಎತ್ತಿಸುವುದಿಲ್ಲ, ಎಲೋಯ್ ಕೈಯಲ್ಲಿ ಹಗ್ಗ, ಪ್ರತಿ ಸಲ ಮರೆಯುತ್ತಾನೆ, ಒಂಬತ್ತು ವರ್ಷದಿಂದ ಅವನ ಹದಿನೇಳನ್ನು ತಿರುಗಿಸುವವಳು ಒಬ್ದೂಲಿಯಾಳೇ, ಹಿಟ್ಟಿನ ಹೆಬ್ಬೆರಳು ಒತ್ತಿ, ಬಂದೆಯಾ ಅಂತ ಮನಸ್ಸಿನಲ್ಲೇ ಕೇಳಿ, ಮದುವೆಯ ಉಂಗುರ ಸಮುದ್ರಕ್ಕೆ ಬಿದ್ದ ಮೇಲೆ ಅವಳಿಗೆ ಆ ಬಿಲ್ಲೆಯೇ ಉಂಗುರ — ಕೈ ಒರೆಸಿಕೊಳ್ಳದೆ ಓಡಿದಳು, ಏಣಿಯ ಹತ್ತಿರ ಯಾದಿರಾಳ ದನಿ, ಎಲೋಯ್, ನಿಂದೂ ತಿರುಗಿಸ್ಬಿಟ್ಟೆ ಕಣೋ, ದಿನಾ ಮರೀತೀಯ. ಕಣೋ. ದಿನಾ. ಬಂದು ಹನ್ನೊಂದು ದಿನವಾಗಿಲ್ಲ, ಇವಳಿಗೂ ದಿನಾ ಆಯಿತೇ, ಯಾದಿರಾ ಆಚೆ ಹೋದಳು, ಹದಿನೇಳು ಬೆಳ್ಳಗೆ ತೂಗುತ್ತಿದೆ, ಅದರ ಮೇಲೆ ಹಿಟ್ಟಿಲ್ಲ, ಒದ್ದೆ ಮರಳಿನ ಎರಡು ಕಾಳು ಇವೆ, ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ, ಯಾರೂ ನೋಡುತ್ತಿಲ್ಲ, ಹೆಬ್ಬೆರಳು ತಾನಾಗಿಯೇ ಹೋಯಿತು, ಕೆಂಪು.

ಮೇಲಿನಿಂದ ಕ್ಯಾಪ್ಟನ್, ಲಂಗರು ಎತ್ಬೇಡಿ, ಹದಿನೇಳು ಇನ್ನೂ ದ್ವೀಪದಲ್ಲೇ ಇದೆ, ಯಾರಪ್ಪ ಅದು, ಹಗ್ಗ ಸುತ್ತುತ್ತ ಎಲೋಯ್ ಬರುತ್ತಾನೆ, ನಾನು ಇಲ್ಲೇ ಇದೀನಲ್ಲ ಕ್ಯಾಪ್ಟನ್, ಹಿಂದಿನಿಂದ ಯಾದಿರಾ, ನಾನೇ ತಿರುಗಿಸಿದ್ನಲ್ಲ, ಎಲೋಯ್ ಬಿಲ್ಲೆ ನೋಡುತ್ತಾನೆ, ಬಿಲ್ಲೆಯ ಮೇಲಿನ ಹಿಟ್ಟು ನೋಡುತ್ತಾನೆ, ಒಬ್ದೂಲಿಯಾಳನ್ನು ನೋಡುತ್ತಾನೆ, ಬಯ್ಯಬಾರದೇ, ನಗಬಾರದೇ, ತಿರುಗಿಸು, ಒಂದು ಸಲ ನೀನಾಗಿ ತಿರುಗಿಸು, ಬಂದೆ ಅನ್ನು — ಅವನ ಕೈ ಏಳುವುದಿಲ್ಲ, ತನ್ನದೂ ಏಳುವುದಿಲ್ಲ, ಕೆಂಪು, ಹದಿನೇಳು, ಅದರ ಮೇಲೆ ಹಿಟ್ಟಿನ ಹೆಬ್ಬೆರಳು.